ಕೃತಕ ಡಿಸ್ಕನ್ನು ಬೆಂಗಳೂರಿನಲ್ಲಿ ಹಾಕಿಸಿಕೊಳ್ಳಬೇಕೋ, ಜರ್ಮನಿಯಲ್ಲೋ?

ನಿಮಗೆ ವಯಸ್ಸು ನಲವತ್ತೊಂದು, ಸೊಂಟದ ತಳದಲ್ಲಿ ಕಶೇರುಗಳ (ಬೆನ್ನೆಲುಬಿನ ಮಣಿಗಳ) ನಡುವೆ ಮೆತ್ತೆಯಂತಿರುವ ಎಲ್5–ಎಸ್1 ಡಿಸ್ಕ್ ಸವೆದಿದೆ, ಬೆಂಗಳೂರಿನಲ್ಲೂ ಮಾಡುತ್ತೇವೆ ಎನ್ನುತ್ತಾರೆ, ಜರ್ಮನಿಯಲ್ಲಿರುವ ನಿಮ್ಮ ತಮ್ಮ ಅಲ್ಲಿಗೇ ಬಾ ಎನ್ನುತ್ತಿದ್ದಾನೆ. ತಮ್ಮನೊಬ್ಬನನ್ನು ಬಿಟ್ಟರೆ ಇದೆಲ್ಲ ನನ್ನದೇ ಕತೆ.

ನಾನು ಜರ್ಮನಿಗೆ ಹೋದೆ. ಶಾರಿಟೇ ಎಂಬ ಕೃತಕ ಡಿಸ್ಕ್ ರೂಪುಗೊಂಡದ್ದು 1980ರ ದಶಕದ ಬರ್ಲಿನ್ನಿನಲ್ಲಿ. ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಪರವಾನಗಿ ಕೊಡುವ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2004ರಲ್ಲಿ. ಅಷ್ಟು ಮೊದಲೇ ಕೈ ಪಳಗಿದವರ ಬಳಿ ಮಾಡಿಸಿಕೊಳ್ಳುವುದೇ ಮೇಲೆಂದು ಎಣಿಸಿದ್ದೆ, ಆ ಎಣಿಕೆ ಸುಳ್ಳಾಗಲಿಲ್ಲ. ಹೊಟ್ಟೆಯ ಕಡೆಯಿಂದ ಕೊಯ್ದು, ದೊಡ್ಡ ರಕ್ತನಾಳಗಳನ್ನು ಪಕ್ಕಕ್ಕೆ ಸರಿಸಿ ಮಾಡುವ ಆ ಶಸ್ತ್ರಚಿಕಿತ್ಸೆಯನ್ನು ಅವರು ಅಚ್ಚುಕಟ್ಟಾಗಿಯೇ ಮಾಡಿದರು.

ನಾನು ಎಡವಿದ್ದು ಅದರ ಹಿಂದಿನ ದಿನ. ಇಲ್ಲಿಂದ ಕಳಿಸಿದ್ದು ಎಂಆರ್‌ಐ ಮಾತ್ರ. ಅದನ್ನು ನೋಡಿಯೇ ದಿನಾಂಕ ಕೊಟ್ಟಿದ್ದರು. ಅಲ್ಲಿ ದಾಖಲಾದ ಮೇಲೆ ಸಿ.ಟಿ. ತೆಗೆದಾಗ, ಕಶೇರುಗಳನ್ನು ಹಿಂಬದಿಯಲ್ಲಿ ಕೂಡಿಸುವ ಫ್ಯಾಸೆಟ್ ಕೀಲುಗಳೂ ಸವೆದಿರುವುದು ಕಂಡಿತು. ವೈದ್ಯರು ಪೆನ್ನಿನ ತುದಿಯಿಂದ ಪರದೆಯ ಮೇಲೆ ಆ ಕೀಲುಗಳ ಒರಟು ಅಂಚನ್ನು ತೋರಿಸಿ, ಕೃತಕ ಡಿಸ್ಕ್ ಚಲನೆಯನ್ನು ಉಳಿಸುವುದರಿಂದ ಸವೆದ ಕೀಲುಗಳೂ ಉಜ್ಜುತ್ತಲೇ ಇರುತ್ತವೆ, ನೋವು ಪೂರ್ತಿ ಹೋಗದಿರಬಹುದು, ಎರಡು ಕಶೇರುಗಳನ್ನು ಬೆಸೆಯುವ ಫ್ಯೂಷನ್ನೇ ನಿಮಗೆ ಒಳ್ಳೆಯದೇನೋ, ಸಂಜೆಯೊಳಗೆ ತಿಳಿಸಿ ಎಂದರು.

ಆ ಸಂಜೆ ನಾನು ಯೋಚಿಸಿದ್ದು ಬೆನ್ನಿನ ಬಗ್ಗೆ ಅಲ್ಲ. ಭವಿಷ್ಯ ನಿಧಿಯಿಂದ ತೆಗೆದು ಮುಂಗಡ ಕಟ್ಟಿದ ಹಣ, ವಿಮೆಯವರು ಭಾರತದ ಹೊರಗಿನ ಚಿಕಿತ್ಸೆಗೆ ಬಿಡಿಗಾಸೂ ಕೊಡುವುದಿಲ್ಲವೆಂದದ್ದು, ಕಚೇರಿಯಲ್ಲಿ ಗೋಗರೆದು ಪಡೆದ ರಜೆ, ಬಂಧುಗಳ ಮುಂದೆಲ್ಲ ಹೇಳಿಕೊಂಡು ಬಂದದ್ದು, ಇವೇ ತಲೆ ತುಂಬಿದ್ದವು. ಫ್ಯೂಷನ್ ಮಾಡಿಸಿಕೊಳ್ಳಲು ಇಷ್ಟು ದೂರ ಬರಬೇಕಿತ್ತೇ ಎಂಬ ಹಟದಲ್ಲಿ ಡಿಸ್ಕೇ ಇರಲಿ ಎಂದುಬಿಟ್ಟೆ. ಇದೇ ಮಾತನ್ನು ಬೆಂಗಳೂರಿನ ವೈದ್ಯರೊಬ್ಬರು ಹೇಳಿದ್ದರೆ ಫೈಲು ಎತ್ತಿಕೊಂಡು ಮನೆಗೆ ಬಂದು, ಇನ್ನೊಬ್ಬರನ್ನು ಕೇಳಿ, ತಿಂಗಳುಗಟ್ಟಲೆ ತೂಗಿ ನೋಡುತ್ತಿದ್ದೆ. ಅಲ್ಲಿ ಬೇಡವೆನ್ನುವ ಬಾಗಿಲನ್ನು ನಾನೇ ಹಣ ಕೊಟ್ಟು ಮುಚ್ಚಿಸಿಕೊಂಡಿದ್ದೆ. ವೈದ್ಯರನ್ನು ದೂರಲಾರೆ, ಅವರು ಹೇಳಬೇಕಾದದ್ದನ್ನು ಹೇಳಿದ್ದರು.

ಕುಳಿತಾಗ ಬರುತ್ತಿದ್ದ ನೋವು ಹೋಯಿತು. ಆದರೆ ಅಟ್ಟದ ಮೇಲಿನ ಡಬ್ಬ ಇಳಿಸಲು ತುಸು ಹಿಂದಕ್ಕೆ ಬಾಗಿದರೂ ಸೊಂಟದಲ್ಲಿ ಚಳಕು ಹಿಡಿಯುತ್ತದೆ, ಆಗಾಗ ಫ್ಯಾಸೆಟ್ ಇಂಜೆಕ್ಷನ್ ಬೇಕಾಗುತ್ತದೆ. ಡಿಸ್ಕ್ ತೆಗೆದು ಬೆಸೆಯಲು ಇಲ್ಲಿನ ವೈದ್ಯರು ಹಿಂಜರಿಯುತ್ತಾರೆ. ಒಮ್ಮೆ ಕೊಯ್ದ ಜಾಗದಲ್ಲಿ ರಕ್ತನಾಳಗಳು ಕಲೆಗಟ್ಟಿ ಅಂಟಿಕೊಂಡಿರುವುದರಿಂದ ಎರಡನೆಯ ಸಲ ಮುಂದಿನಿಂದ ಹೋಗುವುದು ಮೊದಲಿಗಿಂತ ಹೆಚ್ಚು ಅಪಾಯದ್ದು.

ಆದ್ದರಿಂದ ಇಲ್ಲೋ ಅಲ್ಲೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮಗೆ ಡಿಸ್ಕ್ ಹೊಂದುತ್ತದೆಯೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ವಿಮರ್ಶೆಯ ಪ್ರಕಾರ ಬೆನ್ನುನೋವೇ ಇಲ್ಲದ ನಲವತ್ತರ ವಯಸ್ಸಿನವರಲ್ಲಿ ಶೇ. 68ರಷ್ಟು ಮಂದಿಯ ಡಿಸ್ಕ್ ಸವೆದಿರುತ್ತದೆ. ಎಂಆರ್‌ಐಯಲ್ಲಿ ಸವೆತ ಕಂಡಿತೆಂದ ಮಾತ್ರಕ್ಕೆ ನೋವಿನ ಮೂಲ ಅದೇ ಎನ್ನಲಾಗದು. ನೋವು ಸೊಂಟದಲ್ಲೋ ಕಾಲಿನಲ್ಲೋ ಎಂದೂ ನೀವು ಬರೆದಿಲ್ಲ. ಡಿಸ್ಕ್ ಉಬ್ಬಿ ನರ ಒತ್ತಿ ಕಾಲು ಸೆಳೆಯುತ್ತಿದ್ದರೆ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಕಡಿಮೆಯಾಗುತ್ತದೆ, ಆಗದಿದ್ದರೂ ಉಬ್ಬಿದ ಭಾಗವನ್ನಷ್ಟೇ ತೆಗೆದರೆ ಸಾಮಾನ್ಯವಾಗಿ ಸಾಕು.

ಸಿ.ಟಿ., ನಿಂತು ಮುಂದಕ್ಕೂ ಹಿಂದಕ್ಕೂ ಬಾಗಿ ತೆಗೆಸುವ ಎಕ್ಸ್‌ರೇ, ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ, ಮೂರನ್ನೂ ಇಲ್ಲೇ ಮಾಡಿಸಿ ಎರಡೂ ಕಡೆಯ ವೈದ್ಯರಿಗೆ ಕಳಿಸಿ. ನಿಮ್ಮ ವರದಿಯಲ್ಲಿ ಏನು ಕಂಡರೆ ನಿಮಗೆ ಡಿಸ್ಕ್ ಹಾಕಲು ಅವರು ಒಪ್ಪುವುದಿಲ್ಲ ಎಂದು ಇಬ್ಬರನ್ನೂ ಬರವಣಿಗೆಯಲ್ಲಿ ಕೇಳಿ. ಉತ್ತರ ಬರುವವರೆಗೆ ಟಿಕೆಟ್ಟಿಗಾಗಲಿ ಮುಂಗಡಕ್ಕಾಗಲಿ ಒಂದು ರೂಪಾಯಿಯನ್ನೂ ಕಟ್ಟಬೇಡಿ, ತಮ್ಮ ಎಷ್ಟೇ ಒತ್ತಾಯಿಸಲಿ.