ನನ್ನ ಸೈಟು ಕೆಳಗೆ ಎಲ್ಲಿಯವರೆಗೆ, ಮೇಲೆ ಎಲ್ಲಿಯವರೆಗೆ ನನ್ನದು?

ಪಾತಾಳದಿಂದ ಆಕಾಶದವರೆಗೆ ಅಂತೂ ಅಲ್ಲ. ಮೇಲ್ಗಡೆ, ನೀವು ನಿಜಕ್ಕೂ ಬಳಸಬಹುದಾದಷ್ಟು ಎತ್ತರ ಮಾತ್ರ. ಪಕ್ಕದವರ ಸಜ್ಜಾ ಒಂದಡಿ ನಿಮ್ಮ ಕಡೆ ಚಾಚಿದರೆ ಕೋರ್ಟಿಗೆ ಹೋಗಬಹುದು. ನಿಯಮ ಪಾಲಿಸಿ ಹಾರುವ ವಿಮಾನದ ಮೇಲೆ ಅತಿಕ್ರಮಣದ ದಾವೆ ನಿಲ್ಲದು.

ನಿಜವಾದ ತಕರಾರು ಇರುವುದು ಕೆಳಗಡೆ. ಪಾಯ, ಸಂಪು ತೋಡಲು ಅಡ್ಡಿಯಿಲ್ಲ. ಆದರೆ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 70ನೇ ಕಲಮಿನ ಪ್ರಕಾರ ಖನಿಜದ ಹಕ್ಕು ಸರ್ಕಾರದ್ದು. ಚಿನ್ನದ ಗಣಿಯಿರುವ ರಾಯಚೂರು ಜಿಲ್ಲೆಯ ಹಟ್ಟಿ ಕಡೆಯ ಹೊಲದಲ್ಲಿ ಚಿನ್ನದ ಅದಿರು ಕಂಡರೂ ಪಹಣಿ ತೋರಿಸಿ ಅಗೆಯಲಾಗದು. ಕೇರಳದ ಮಲಬಾರಿನ ಜನ್ಮಿ (ವಂಶಪಾರಂಪರ್ಯ ಭೂಮಾಲೀಕ) ಜಮೀನುಗಳ ಕಥೆಯೇ ಬೇರೆ: ಅಲ್ಲಿ ಖನಿಜ ಮಾಲೀಕರದ್ದೇ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇನ್ನು ನಮ್ಮಲ್ಲಿ, ನೆಲದಡಿ ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಅಂತರ್ಜಲ ಕಾಪಾಡಲು ಸರ್ಕಾರ ಅಧಿಸೂಚಿಸಿದ ಪ್ರದೇಶಗಳಲ್ಲಿ ಬೋರ್‌ವೆಲ್‌ಗೂ ಅನುಮತಿ ಬೇಕು.