ಚಿಗವ್ವನ ಫೋಟೋ ಮತ್ತು ಒಂದು ಸ್ಟೇಟಸ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಧಾರವಾಡದಲ್ಲಿ ರೂಮ್ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ನನ್ನ ಹತ್ತಿರ ಸಲಹೆ ಕೇಳಲು ಬಂದಿದ್ದ. ವಯಸ್ಸು 24. ಊರು ಗದಗ ಕಡೆಯ ಹಳ್ಳಿ. ಮೂರು ವಾರದಿಂದ ನಿದ್ದೆ ಇಲ್ಲ. ಫೋನ್ ರಿಂಗಾದರೆ ಎದೆ ಡವಡವ.

ಜಾತ್ರೆಯಲ್ಲಿ ದೀಡ ನಮಸ್ಕಾರ (ನೆಲದ ಮೇಲೆ ಉದ್ದಕ್ಕೆ ಮಲಗಿ ಏಳುತ್ತಾ ಗುಡಿಗೆ ಸಾಗುವ ಹರಕೆ) ಹಾಕುತ್ತಿದ್ದ ಚಿಗವ್ವನ ಫೋಟೋ ತೆಗೆದು, 'ಹುಚ್ಚರ ಸಂತಿ' ಎಂದು ಬರೆದು ಸ್ಟೇಟಸ್ ಹಾಕಿದ್ದ. ಜೊತೆಗೆ, ಉರಿಬಿಸಿಲಲ್ಲಿ ವಯಸ್ಸಾದವರಿಂದ ಇದನ್ನು ಮಾಡಿಸಬೇಡಿ ಎಂದೂ ಬರೆದಿದ್ದ. ಕಾಕಾ ಕೇಸ್ ಹಾಕುತ್ತೇನೆ ಎಂದರು. ಅವ್ವ ಮಾತು ಬಿಟ್ಟರು.

"ಖರೇ ಹೇಳಾಕ ಹಕ್ಕಿಲ್ಲೇನ್ರಿ ಮೇಡಮ್?" ಎಂದ.

ಇದೆ. ಸಂವಿಧಾನದ 19ನೇ ವಿಧಿಯಲ್ಲೇ ಇದೆ. ಮೊದಲು ಅವನ ಭಯ ಇಳಿಸಬೇಕಿತ್ತು. ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಹೇಳುವುದು, ಒಂದು ವರ್ಗದ ಧಾರ್ಮಿಕ ಭಾವನೆ ಕೆರಳಿಸಲೆಂದೇ ದುರುದ್ದೇಶದಿಂದ ಮಾಡಿದ ಅವಮಾನದ ಬಗ್ಗೆ. ಯಾರಿಗೋ ಬೇಜಾರಾದ ಮಾತ್ರಕ್ಕೆ ಅದು ಅನ್ವಯಿಸುವುದಿಲ್ಲ. ನೋಟಿಸ್ ಬಂದರೆ ಮಾತ್ರ ವಕೀಲರನ್ನು ಕಾಣು ಎಂದೆ. ಆದರೂ ಅವನ ಭಯವನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ. ನಂಬಿಕೆಗಳನ್ನು ಪ್ರಶ್ನಿಸುತ್ತಿದ್ದ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದದ್ದು ಇದೇ ಧಾರವಾಡದಲ್ಲಿ ಅಲ್ವಾ?

ಆಮೇಲೆ ಒಂದು ಕೆಲಸ ಕೊಟ್ಟೆ. "ಎದುರಿಗೆ ಚಿಗವ್ವ ಕೂತಿದ್ದಾರೆ ಅಂದುಕೋ. ಬರೆದದ್ದನ್ನು ಜೋರಾಗಿ ಓದು." ಬಿಸಿಲಿನ ಮಾತು ಸಲೀಸಾಗಿ ಓದಿದ. 'ಹುಚ್ಚರ' ಅನ್ನುವಲ್ಲಿ ದನಿ ನಿಂತಿತು. ಮೊಮ್ಮಗಳ ಜ್ವರ ಇಳಿದರೆ ದೀಡ ನಮಸ್ಕಾರ ಹಾಕುತ್ತೇನೆ ಎಂದು ಆಕೆ ಹರಕೆ ಹೊತ್ತಿದ್ದರು. ಅದು ಅವನಿಗೂ ಗೊತ್ತಿತ್ತು.

ನಾನು ಹೇಳಿದ್ದು ಇಷ್ಟು. ಬಿಸಿಲಿನ ಮಾತಿಗೆ ಕ್ಷಮೆ ಕೇಳಬೇಡ, ಅದು ನಿನ್ನ ಅಭಿಪ್ರಾಯ. ಫೋಟೋಕ್ಕೆ, ಆ ಒಂದು ಪದಕ್ಕೆ ಕೇಳು. ಸ್ಟೇಟಸ್ಸಿನಲ್ಲಲ್ಲ, ಊರಿಗೆ ಹೋಗಿ, ಆಕೆಯ ಮುಂದೆ ಕೂತು. 'ನಿಮಗೆ ಬೇಜಾರಾಗಿದ್ದರೆ' ಎಂದು ಶುರು ಮಾಡಬೇಡ. 'ನಾ ತಪ್ಪು ಮಾಡಿದೆ' ಅನ್ನು.

ಎರಡನೇ ಸಲ ಅವ್ವನನ್ನೂ ಕರೆಸಿದೆ. ಪ್ರಶ್ನೆ ಕೇಳುವ ಮಗ ಮನೆತನದ ಮಾನ ಕಳೆದ ಹಾಗಲ್ಲ ಎಂದು ಅವರಿಗೆ ತಿಳಿಸಲು ಜಾಸ್ತಿ ಹೊತ್ತು ಹಿಡಿಯಿತು. ಮಾತು ಬಿಡುವ ಬದಲು ಜಗಳ ಆಡಿ ಎಂದೆ.

ಹುಡುಗ ಊರಿಗೆ ಹೋಗಿ ಬಂದ. ಚಿಗವ್ವ ಅಂದರಂತೆ: "ಫೋಟೋ ತಗಿಯೂ ಮುಂದ ಒಂದ್ ಮಾತ್ ಕೇಳಬೇಕಿತ್ತಪಾ." ಬಿಸಿಲಿನ ವಿಷಯಕ್ಕೆ ಇಬ್ಬರೂ ಅರ್ಧ ತಾಸು ವಾದ ಮಾಡಿದರಂತೆ. ಆಕೆ ಒಪ್ಪಿಲ್ಲ. ಕಾಕಾ ಇನ್ನೂ ಮಾತಾಡಿಲ್ಲ. ನಿದ್ದೆ ಮಾತ್ರ ಬರುತ್ತಿದೆ.