ಹೊಸತೊಡಕಿನ ಸೋಮವಾರ: ಒಂದು ಆಪ್ತಸಲಹೆ ಪ್ರಕರಣ

ಅವರನ್ನು ಇಲ್ಲಿ ಮಾಲೀಕರು ಅಂತಲೇ ಕರೆಯುತ್ತೇನೆ. ವಯಸ್ಸು ಐವತ್ತರ ಹತ್ತಿರ. ಬೆಂಗಳೂರಿನ ಪೀಣ್ಯದ ಕಡೆ ಒಂದು ಶೆಡ್ಡಿನಲ್ಲಿ ಲೇತ್, ಸಿಎನ್‌ಸಿ ಮೆಷಿನ್ ಇಟ್ಟುಕೊಂಡು ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುತ್ತಾರೆ. ಕೆಲಸದವರು 23 ಜನ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯೋದಕ್ಕೆ ಅವರ ಒಪ್ಪಿಗೆ ಇದೆ.

2025ರ ಏಪ್ರಿಲ್‌ನಲ್ಲಿ ಅವರ ಹೆಂಡತಿ ಫೋನ್ ಮಾಡಿ ಸಮಯ ತೆಗೆದುಕೊಂಡರು. ಬಿಪಿ ಏರಿದೆ, ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತಾರೆ, ಮಾತೆತ್ತಿದರೆ ಸಿಡುಕುತ್ತಾರೆ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಯಾರ ಹತ್ತಿರವಾದರೂ ಕೂತು ಮಾತಾಡಿ ಅಂದಿದ್ದರಂತೆ.

ಬಂದವರು ಕುರ್ಚಿ ಎಳೆದು ಕೂತು, ಚೀಲದಿಂದ ಹಾಜರಿ ಪುಸ್ತಕ ತೆಗೆದು ನನ್ನ ಮೇಜಿನ ಮೇಲೆ ಬಿಚ್ಚಿಟ್ಟರು. ಮಾರ್ಚ್ ತಿಂಗಳ ಕೊನೇ ಕಾಲಂ. ಮೇಲಿಂದ ಕೆಳಗೆ ಕೆಂಪು ಇಂಕಿನಲ್ಲಿ ‘ಎ’, ‘ಎ’, ‘ಎ’. ಒಂದೆರಡು ಕಡೆ ಪೆನ್ನು ಒತ್ತಿದ ಜೋರಿಗೆ ಹಾಳೆ ತೂತಾಗಿತ್ತು.

“ನೋಡಿ ಮೇಡಂ. 23 ಜನದಲ್ಲಿ ಬಂದವರು ಏಳು. ವರ್ಷದ ಕೊನೇ ದಿನ, ಮಾಲು ಹೋಗಲೇಬೇಕು, ಬಿಲ್ಲು ಆ ವರ್ಷದ ಲೆಕ್ಕಕ್ಕೆ ಸೇರಬೇಕು. ಹೇಳಿ ಹೇಳಿ ಸಾಕಾಗಿತ್ತು. ಉಂಡ ಮನೆ ಜಂತೆ ಎಣಿಸೋ ಜನ.”

ಆ ದಿನ ಯಾವುದು ಅಂತ ಕೇಳುವ ಅಗತ್ಯವೇ ಇರಲಿಲ್ಲ. 2025ರಲ್ಲಿ ಯುಗಾದಿ ಮಾರ್ಚ್ 30, ಭಾನುವಾರ. ಸೋಮವಾರ 31. ಅವತ್ತು ಹೊಸತೊಡಕು, ಯುಗಾದಿಯ ಮಾರನೇ ದಿನದ ಬಾಡೂಟದ ಹಬ್ಬ. ಅವತ್ತೇ ರಂಜಾನ್. ಅವತ್ತೇ ಲೆಕ್ಕದ ವರ್ಷದ ಕೊನೇ ದಿನ. ಮೂರೂ ಒಟ್ಟಿಗೆ ಬಂದು ಇವರ ಶೆಡ್ಡಿನ ಮೇಲೆ ಬಿದ್ದಿದ್ದವು.

ಕೆಲಸದವರಲ್ಲಿ ಒಂಬತ್ತು ಜನ ಮಂಡ್ಯ, ಚನ್ನಪಟ್ಟಣ, ಕುಣಿಗಲ್ ಕಡೆಯವರು. ಅವರಿಗೆ ಯುಗಾದಿ ಅಂದರೆ ಒಬ್ಬಟ್ಟು ಅರ್ಧ ಹಬ್ಬ, ಮಾರನೇ ದಿನದ ಬಾಡೂಟ ಇನ್ನರ್ಧ. ಊರಲ್ಲಿ ಗುಡ್ಡೆ ಮಾಂಸ (ಊರವರು ಸೇರಿ ಪಾಲು ಹಾಕಿಕೊಳ್ಳುವ ಮಾಂಸ) ಹಾಕಿಸಿಕೊಂಡು, ನೆಂಟರ ಜೊತೆ ಕೂತು ಉಣ್ಣದೆ ಯಾರು ಬಸ್ಸು ಹತ್ತುತ್ತಾರೆ? ನಾಲ್ಕು ಜನ ಮುಸ್ಲಿಮರು. ಐದು ಜನ ಬಾಗಲಕೋಟೆ, ವಿಜಯಪುರದವರು. ಅವರಲ್ಲಿ ಮೂವರು ಊರಿಗೆ ಹೋಗಿದ್ದರು. ಉಳಿದ ಇಬ್ಬರು, ಮತ್ತೆ ಐದು ಜನ ಬಿಹಾರದ ಹುಡುಗರು ಬಂದಿದ್ದರು.

“ಯಾವಾಗ ಹೇಳಿದ್ರಿ, ಸೋಮವಾರ ಕೆಲಸ ಇದೆ ಅಂತ?”

“ಶನಿವಾರ ಸಾಯಂಕಾಲ.”

“ಅದಕ್ಕೆ ಮುಂಚೆ ಯಾರಾದ್ರೂ ರಜೆ ಕೇಳಿದ್ರಾ?”

“ಇಬ್ಬರು ಕೇಳಿದ್ರು, ರಂಜಾನ್‌ಗೆ. ನೋಡೋಣ ಅಂದೆ. ಆಮೇಲೆ, ನಮಾಜ್ ಮುಗಿಸ್ಕೊಂಡು ಬಂದ್ಬಿಡಿ ಅಂದೆ.”

ಬರದ 16 ಜನಕ್ಕೂ ಎರಡೆರಡು ದಿನದ ಸಂಬಳ ಹಿಡಿದಿದ್ದರು. ಎಲ್ಲರ ಮುಂದೆ ಸೂಪರ್‌ವೈಸರ್‌ನ ಬೈದಿದ್ದರು. ಹನ್ನೆರಡು ವರ್ಷದಿಂದ ಇದ್ದ ಒಬ್ಬ ಆಪರೇಟರ್ ಮರುವಾರವೇ ಪಕ್ಕದ ಬೀದಿಯ ಶೆಡ್ಡಿಗೆ ಸೇರಿದ್ದ. ಅವನ ಹೆಸರು ಹೇಳುವಾಗ ದನಿ ಇಳಿಯಿತು. ನಿದ್ದೆ ಕೆಡಿಸಿದ್ದು ಮಾಲೂ ಅಲ್ಲ, ಬಿಲ್ಲೂ ಅಲ್ಲ, ಅವನು. ಮಾಲು ಏಪ್ರಿಲ್ 2ಕ್ಕೆ ಹೋಗಿತ್ತು. ಗಿರಾಕಿ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಮೊದಲ ಸಲ ನಾನು ಜಾಸ್ತಿ ಮಾತಾಡಲಿಲ್ಲ. ಹೊರಡುವಾಗ ಒಂದು ಕೆಲಸ ಕೊಟ್ಟೆ. “ಪ್ರತಿ ವರ್ಷ ರಜೆ ಪಟ್ಟಿ ಅಂತ ಒಂದು ಕಾಗದ ಕಾರ್ಮಿಕ ಇಲಾಖೆಗೆ ಹೋಗುತ್ತಲ್ಲ, ಅದರ ಪ್ರತಿ ತನ್ನಿ.” ಆಪ್ತಸಲಹೆಗೆ ಬರುವ ಮುಂಚೆ ನಾನು ಒಂದು ಗಾರ್ಮೆಂಟ್ ಕಾರ್ಖಾನೆಯ ಪರ್ಸನಲ್ ವಿಭಾಗದಲ್ಲಿದ್ದೆ. ಹಳೇ ಚಾಳಿ. ಮನಸ್ಸಿನ ವಿಷಯ ಮಾತಾಡಬೇಕಾದವಳು ಕಾಗದ ಕೇಳುತ್ತಾಳೆ ಅಂತ ನನ್ನ ಗುರುಗಳು ಬೈದಾರು. ಆದರೆ ಕೆಲವು ಸಲ ಸಿಟ್ಟಿನ ಬುಡ ಕಾಗದದಲ್ಲೇ ಇರುತ್ತದೆ.

ಎರಡನೇ ಸಲ ಕಾಗದ ಬಂತು. ಕನ್ಸಲ್ಟೆಂಟ್ ತಯಾರು ಮಾಡಿದ್ದು, ಇವರು ಓದದೆ ಸಹಿ ಹಾಕಿದ್ದು. ಕರ್ನಾಟಕದಲ್ಲಿ ಇದಕ್ಕೆ 1963ರ ಕಾಯ್ದೆಯೊಂದಿದೆ, ರಾಷ್ಟ್ರೀಯ ಮತ್ತು ಹಬ್ಬದ ರಜೆಗಳದ್ದು. ಐದು ದಿನ ಗಟ್ಟಿ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಜೊತೆಗೆ ಐದು ಹಬ್ಬದ ರಜೆ. ಎಲ್ಲವೂ ಸಂಬಳ ಸಹಿತ. ಇವರ ಪಟ್ಟಿಯಲ್ಲಿ ಹಬ್ಬದ ಸಾಲಿನ ಎರಡನೇ ಹೆಸರು ರಂಜಾನ್. ಎದುರಿಗೆ ತಾರೀಖು, ಮಾರ್ಚ್ 31.

ನಾನು ಅದರ ಮೇಲೆ ಬೆರಳಿಟ್ಟೆ. ಅವರು ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು.

“ಅಂದ್ರೆ ಅವತ್ತು ರಜೆ.”

“ಹೂಂ. ನೀವೇ ಕೊಟ್ಟಿದ್ದ ರಜೆ. ನಾಲ್ಕು ಜನಕ್ಕಲ್ಲ, 23 ಜನಕ್ಕೂ.”

ಹಾಜರಿ ಪುಸ್ತಕದ ಅಷ್ಟೂ ಕೆಂಪು ‘ಎ’ ತಪ್ಪು. ಅಷ್ಟೇ ಅಲ್ಲ, ರಜೆ ದಿನ ಕೆಲಸಕ್ಕೆ ಬಂದ ಏಳು ಜನಕ್ಕೆ ಎರಡರಷ್ಟು ಸಂಬಳವನ್ನೋ, ಆ ದಿನದ ಸಂಬಳದ ಜೊತೆ ಬೇರೆ ದಿನ ಸಂಬಳದ ರಜೆಯನ್ನೋ ಕೊಡಬೇಕಿತ್ತು. ಯಾವುದು ಬೇಕು ಅನ್ನೋದು ಕೆಲಸಗಾರನ ಇಷ್ಟ. ಇವರು ಅವರಿಗೆ ಬಿರಿಯಾನಿ ತರಿಸಿಕೊಟ್ಟು ಭುಜ ತಟ್ಟಿ ಕಳಿಸಿದ್ದರು.

ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಂಗಾದ್ರೂ ಒಂದು ಮಾತು ಹೇಳ್ಬೋದಿತ್ತಲ್ಲ ಅವರು” ಅಂದರು.

ಇದನ್ನು ನಾನು ಬಿಡಲಿಲ್ಲ. ಯಾಕೆ ಹೇಳಲ್ಲ? ರಜೆ ಕೇಳಿದಾಗ ಏನಾಗುತ್ತದೆ ಅಂತ ಅವರ ಬಾಯಿಂದಲೇ ಕೇಳಿದೆ. ಮೊದಲು ಮುಖ ಗಂಟು. ಆಮೇಲೆ ‘ಈಗ್ಲೇ ಬೇಕಾ?’. ಆಮೇಲೆ ‘ನೋಡೋಣ’. ಈ ‘ನೋಡೋಣ’ಕ್ಕೆ ಇಲ್ಲ ಅಂತ ಅರ್ಥ ಅನ್ನೋದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಹಬ್ಬಕ್ಕೆ ರಜೆ ಕೇಳುವವರು ಕಡಿಮೆಯಾಗಿ, ಸಾವಿಗೆ ಕೇಳುವವರು ಜಾಸ್ತಿಯಾಗಿದ್ದರು. ಒಬ್ಬ ಹುಡುಗನ ಅಜ್ಜಿ ಎರಡು ವರ್ಷದಲ್ಲಿ ಮೂರು ಸಲ ತೀರಿಕೊಂಡಿದ್ದಳು. ಇದನ್ನು ಹೇಳುವಾಗ ಅವರಿಗೇ ನಗು ಬಂತು. ಮೊದಲ ಸಲ ನಕ್ಕಿದ್ದು ಅವತ್ತು.

“ನೀವು ಕೊನೇ ಸಲ ರಜೆ ಹಾಕಿದ್ದು ಯಾವಾಗ?”

“ನಾನಾ? ನನಗೆಲ್ಲಿ ರಜೆ ಮೇಡಂ. ಊರಿನ ಮಾರಿಹಬ್ಬಕ್ಕೆ ಮಾತ್ರ ಹೋಗ್ತೀನಿ, ಮೂರು ದಿನ. ಅದು ಬೇರೆ. ಅದನ್ನ ತಪ್ಪಿಸೋಕಾಗಲ್ಲ.”

ನಾನು ಸುಮ್ನೆ ಅವರ ಮುಖ ನೋಡಿದೆ. ಅವರಿಗೆ ಅರ್ಥವಾಯಿತು.

ಆಮೇಲಿನ ಮೂರು ಭೇಟಿಯಲ್ಲಿ ಕೊಟ್ಟ ಸಲಹೆಗಳಲ್ಲಿ ಕೆಲವು ಮನಸ್ಸಿನವು, ಕೆಲವು ಕ್ಯಾಲೆಂಡರಿನವು. ಮೊದಲು ದುಡ್ಡು ವಾಪಸ್. ಭಾಷಣ ಬೇಡ, ಸಂಬಳದ ಚೀಟಿಯಲ್ಲಿ ‘ಮಾರ್ಚ್ 31, ತಪ್ಪಾಗಿ ಹಿಡಿದದ್ದು’ ಅಂತ ಬರೆದು ಕೊಟ್ಟರೆ ಸಾಕು ಅಂದೆ. ಸೂಪರ್‌ವೈಸರ್‌ಗೆ ಮಾತ್ರ ಬಾಯಿಬಿಟ್ಟು ಹೇಳಬೇಕು, ಅದೂ ಎಲ್ಲರ ಮುಂದೆ. ಬೈದದ್ದು ಎಲ್ಲರ ಮುಂದೆ ತಾನೇ? ಇದಕ್ಕೆ ಒಪ್ಪಲು ಅವರಿಗೆ ಎರಡು ವಾರ ಹಿಡಿಯಿತು.

ಇನ್ನೊಂದು, ಚೀಟಿ. ಒಬ್ಬೊಬ್ಬರ ಕೈಗೂ ಒಂದು ಚೀಟಿ ಕೊಟ್ಟು ಒಂದೇ ಪ್ರಶ್ನೆ ಕೇಳಿ ಅಂದೆ: ವರ್ಷದಲ್ಲಿ ಏನೇ ಆದರೂ ನೀವು ಇಲ್ಲಿ ಇರಲಾರದ ದಿನ ಯಾವುದು? ಎರಡು ಬರೆಯಿರಿ. ಮೀಟಿಂಗ್ ಕರೆದು ಕೇಳಿದರೆ ಮುಂದೆ ಕೂತವರು ಹೇಳಿದ್ದಕ್ಕೆ ಉಳಿದವರು ತಲೆ ಆಡಿಸುತ್ತಾರೆ ಅಷ್ಟೇ. ಬರೆಯಲು ಬಾರದವರು ಸೂಪರ್‌ವೈಸರ್ ಹತ್ತಿರ ಹೇಳಿ ಬರೆಸಲಿ.

ಚೀಟಿಗಳನ್ನು ಅವರು ನನ್ನ ಮುಂದೆ ಹರಡಿಕೊಂಡು ಕೂತದ್ದು ನೆನಪಿದೆ. ಎಲ್ಲರೂ ದೀಪಾವಳಿ ಬರೆಯುತ್ತಾರೆ ಅಂದುಕೊಂಡಿದ್ದರು. ಬಾಗಲಕೋಟೆ ಕಡೆಯವರು ಬರೆದದ್ದು ನಾಗರಪಂಚಮಿ. ಅಕ್ಕತಂಗಿಯರು ತವರಿಗೆ ಬರುವ ಹಬ್ಬ ಅದು. ಅಣ್ಣತಮ್ಮಂದಿರು ಮನೆಯಲ್ಲಿರಬೇಕು. ಇಬ್ಬರು ಎಳ್ಳಮಾವಾಸ್ಯೆ ಬರೆದಿದ್ದರು. ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು, ಅಂದರೆ ಭೂಮಿತಾಯಿಗೆ ಎಡೆ ಹಾಕಬೇಕು. ಬಿಹಾರದ ಹುಡುಗರದ್ದು ಐದಕ್ಕೆ ಐದೂ ಛಠ್, ಅವರ ಕಡೆಯ ಸೂರ್ಯನ ಪೂಜೆಯ ಹಬ್ಬ. ಪ್ಯಾಕಿಂಗಿನ ಒಬ್ಬ ಹೆಂಗಸು ಯಾವ ಹಬ್ಬವನ್ನೂ ಬರೆದಿರಲಿಲ್ಲ. ‘ಹಬ್ಬದ ಮಾರನೇ ದಿನ, ಯಾವ ಹಬ್ಬ ಆದರೂ ಸರಿ. ಹಬ್ಬದ ದಿನ ಮನೇಲಿ ಕೆಲಸ ಇಲ್ಲಿಗಿಂತ ಜಾಸ್ತಿ’ ಅಂತ ಬರೆಸಿದ್ದರು. ಮಾಲೀಕರು ಆ ಚೀಟಿಯನ್ನು ಎರಡು ಸಲ ಓದಿದರು.

ಇಷ್ಟು ಕೈಗೆ ಬಂದ ಮೇಲೆ ಉಳಿದದ್ದು ಹೊಂದಿಸುವ ಕೆಲಸ. ಒಂದೇ ದಿನ ಎಲ್ಲರಿಗೂ ಬೇಕಾದದ್ದು ಪಟ್ಟಿಯ ಐದರಲ್ಲಿ ಬರಲಿ. ಕೆಲವರಿಗೆ ಮಾತ್ರ ಬೇಕಾದದ್ದು ಅವರವರ ಗಳಿಕೆ ರಜೆಯಲ್ಲಿ ಹೋಗಲಿ. ಗಳಿಕೆ ರಜೆ 20 ದಿನದ ಕೆಲಸಕ್ಕೆ ಒಂದು ದಿನ. ಆದರೆ ತನ್ನ ಖಾತೆಯಲ್ಲಿ ಎಷ್ಟಿದೆ ಅಂತ ಆ ಶೆಡ್ಡಿನಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ತಿಂಗಳ ಸಂಬಳದ ಚೀಟಿಯಲ್ಲೇ ಅದನ್ನೂ ಬರೆಯಿರಿ ಅಂದೆ. ಎಷ್ಟು ಉಳಿದಿದೆ ಅಂತ ಕಣ್ಣಿಗೆ ಕಂಡರೆ ಜನ ಲೆಕ್ಕ ಹಾಕಿ ಖರ್ಚು ಮಾಡುತ್ತಾರೆ. ಅಜ್ಜಿಯೂ ಸ್ವಲ್ಪ ಕಾಲ ಬದುಕುತ್ತಾಳೆ.

ತಾರೀಖುಗಳನ್ನೂ ಒಂದು ಸಲ ಒಟ್ಟಿಗೆ ನೋಡಿದೆವು. 2025ರ ಅಕ್ಟೋಬರ್ 2, ಗಾಂಧಿ ಜಯಂತಿಯ ದಿನವೇ ವಿಜಯದಶಮಿ. ಹಬ್ಬದ ಸಾಲಿನಲ್ಲಿ ವಿಜಯದಶಮಿ ಹಾಕಿದ್ದರೆ ಒಂದು ರಜೆ ಸುಮ್ಮನೆ ಕಳೆದುಹೋಗುತ್ತಿತ್ತು. ಕನ್ಸಲ್ಟೆಂಟ್ ಜಾಣ, ಹಿಂದಿನ ದಿನದ ಆಯುಧಪೂಜೆ ಹಾಕಿದ್ದ. ಛಠ್ ಅಕ್ಟೋಬರ್ 27, 28. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮುಂಚೆ ಮಾತ್ರ ತೆರೆಯುತ್ತದೆ. ಅಂದರೆ ಬಿಹಾರದ ಹುಡುಗರಿಗೆ ರಜೆ ಇದೆಯೋ ಇಲ್ಲವೋ ಅನ್ನೋದು ಆಗಸ್ಟ್ ಕೊನೆಯೊಳಗೆ ಗೊತ್ತಾಗಬೇಕು. ಅಕ್ಟೋಬರ್‌ನಲ್ಲಿ ‘ಆಯ್ತು, ಹೋಗಿ’ ಅಂದರೆ ನಿಂತುಕೊಂಡು ಎರಡು ದಿನದ ಪ್ರಯಾಣ. ಅಷ್ಟು ಕಷ್ಟಪಟ್ಟು ಹೋದವನು ಬೇಗ ವಾಪಸ್ ಬರಲ್ಲ.

ರಂಜಾನ್, ಬಕ್ರೀದ್ ಚಂದ್ರನ ಮೇಲೆ ನಿಂತಿವೆ, ಒಂದು ದಿನ ಆಚೀಚೆ ಆಗಬಹುದು. ಅದರ ಅಕ್ಕಪಕ್ಕದ ದಿನಗಳಲ್ಲಿ ಮಾಲು ಕಳಿಸುವ ಮಾತು ಕೊಡಬೇಡಿ ಅಂದೆ. ನನಗೆ ಅನ್ನಿಸುವುದು, ಸಣ್ಣ ಕಾರ್ಖಾನೆಯ ಹಬ್ಬದ ಜಗಳಗಳಲ್ಲಿ ಹೆಚ್ಚಿನವು ಶುರುವಾಗುವುದು ಗಿರಾಕಿಗೆ ಯೋಚನೆ ಮಾಡದೆ ಕೊಟ್ಟ ತಾರೀಖಿನಿಂದ. ಗಿರಾಕಿಯ ಹತ್ತಿರ ‘31ಕ್ಕೆ ಆಗಲ್ಲ, 27ಕ್ಕೇ ಕೊಡ್ತೀನಿ’ ಅನ್ನಲು ಇವರಿಗೆ ಬಾಯಿ ಬರಲ್ಲ. ಆ ಅಂಜಿಕೆ ಕೊನೆಗೆ ಕೆಲಸದವರ ಮೇಲೆ ಸಿಟ್ಟಾಗಿ ಇಳಿಯುತ್ತದೆ. ಇದನ್ನು ಒಪ್ಪಿಕೊಂಡ ದಿನ ಅವರು, “ಅವರಿಗೆ ಹೆದರಿ ಇವರನ್ನ ಹೆದರಿಸ್ತಾ ಇದ್ದೆ” ಅಂದರು. ನಿದ್ದೆ ಸರಿಹೋಗಲು ಶುರುವಾದದ್ದು ಆಮೇಲೆ.

ಎಚ್ಚರಿಕೆ ಒಂದು ಹೇಳಿದ್ದೆ. ಹೊಸತೊಡಕಿಗೂ ರಂಜಾನ್‌ಗೂ ಬಿಹಾರದ ಹುಡುಗರೇ ಬರಲಿ ಅಂತ ಅಭ್ಯಾಸ ಮಾಡಿಕೊಳ್ಳಬೇಡಿ. ಊರು ದೂರ ಇರುವವನಿಗೆ ಹಬ್ಬ ಇಲ್ಲ ಅಂತ ಅಲ್ಲ. ವೋಟಿನ ದಿನವೂ ಹಾಗೇ. 2024ರ ಲೋಕಸಭೆ ಚುನಾವಣೆಯಲ್ಲಿ ಬೆಂಗಳೂರು, ಮಂಡ್ಯಕ್ಕೆ ಏಪ್ರಿಲ್ 26, ಬಾಗಲಕೋಟೆ, ವಿಜಯಪುರಕ್ಕೆ ಮೇ 7. ಇವರು ಏಪ್ರಿಲ್‌ನಲ್ಲಿ ಎಲ್ಲರಿಗೂ ರಜೆ ಕೊಟ್ಟು, ಮೇ 7ಕ್ಕೆ ಊರಿಗೆ ಹೋದವರ ಸಂಬಳ ಹಿಡಿದಿದ್ದರು. ಮತದಾನದ ದಿನ ಮತದಾರನಿಗೆ ಸಂಬಳದ ರಜೆ ಕೊಡಬೇಕು ಅಂತ ಕಾನೂನೇ ಇದೆ. ಅದನ್ನೂ ವಾಪಸ್ ಮಾಡಿದರು, ಸ್ವಲ್ಪ ಗೊಣಗಿಕೊಂಡು.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಛಠ್‌ಗೆ ಹೋದ ಐವರಲ್ಲಿ ಇಬ್ಬರು ವಾಪಸ್ ಬರಲಿಲ್ಲ. ಹಳೇ ಆಪರೇಟರ್ ಕೂಡ ಬರಲಿಲ್ಲ. ಆದರೆ ಆಯುಧಪೂಜೆಯ ದಿನ ಇವರೇ ಹೋಗಿ ಕರೆದದ್ದಕ್ಕೆ ಬಂದು, ತಾನು ಓಡಿಸುತ್ತಿದ್ದ ಲೇತ್‌ಗೆ ತಾನೇ ಕುಂಕುಮ ಹಚ್ಚಿ, ಕಡಲೆಪುರಿ ಕಟ್ಟಿಸಿಕೊಂಡು ಹೋದನಂತೆ.

ಡಿಸೆಂಬರ್‌ನಲ್ಲಿ ಫೋನ್ ಬಂತು. ಹೊಸ ವರ್ಷದ ಪಟ್ಟಿ ಈ ಸಲ ತಾವೇ ಕೂತು ಬರೆದಿದ್ದರು.

“ಮಾರ್ಚ್ 19 ಗುರುವಾರ ಯುಗಾದಿ. ಶುಕ್ರವಾರ ಹೊಸತೊಡಕು. ರಂಜಾನ್ ಶುಕ್ರವಾರನೋ ಶನಿವಾರನೋ, ಚಂದ್ರ ಕಾಣ್ಬೇಕು. ಒಂದು ದಿನ ಪಟ್ಟಿ ರಜೆ, ಇನ್ನೊಂದು ದಿನ ಎಲ್ಲರ ಗಳಿಕೆ ರಜೆಯಿಂದ. ಎಲ್ಲರೂ ಒಪ್ಪಿದ್ದಾರೆ. ಭಾನುವಾರನೂ ಸೇರಿ ನಾಲ್ಕು ದಿನ ಶೆಡ್ಡಿಗೆ ಬೀಗ. ಗಿರಾಕಿಗೂ ಹೇಳಿದೀನಿ ಮೇಡಂ.”

“ನೀವು ಎಲ್ಲಿಗೆ ಹೋಗ್ತೀರಿ?”

“ನಾನಾ? ಯಾರೂ ಇರಲ್ವಲ್ಲ, ಶೆಡ್ಡಲ್ಲಿ ಕೂತು ವರ್ಷದ ಲೆಕ್ಕ...”

ಹಿಂದಿನಿಂದ ಯಾರೋ ಏನೋ ಅಂದರು. ಫೋನು ಕೈ ಬದಲಾಯಿತು. “ಮೇಡಂ, ಇವರಿಗೂ ಒಂದು ಚೀಟಿ ಕೊಡಿಸಿ” ಅಂದರು ಅವರ ಹೆಂಡತಿ.